ಮನಿಲಾದ 14 ರೌಂಡ್, ದೊಡ್ಡಪ್ಪನ ಜೊತೆ

ದೊಡ್ಡಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಎಂಟು ದಿನ ಆಗಿತ್ತು. ಮೈಸೂರಿನಿಂದ ಬಂದು ನಮ್ಮ ಮನೆಯಲ್ಲೇ ಇದ್ದರು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಡ್ರಾಪ್ಸ್ ಹಾಕಬೇಕು. ಅವರ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಹಾಗಾಗಿ ಆ ಕೆಲಸ ನನ್ನದು. ಭಾನುವಾರ ತಿಂಡಿ ಮುಗಿಸಿ ಸುಮ್ನೆ ಕೂತಿದ್ದವರು, "ಅದೇನೋ ಗುದ್ದಾಟ ನೋಡ್ತಿರ್ತೀಯಲ್ಲ, ಹಾಕು, ನಾನೂ ನೋಡ್ತೀನಿ" ಅಂದರು.

ನನಗೆ ಹಳೇ ಹೆವಿವೇಟ್ ಬಾಕ್ಸಿಂಗ್ ಅಂದರೆ ಪ್ರಾಣ. ಆದರೆ ಅಲ್ಲಿಯವರೆಗೆ ನಾನು ಜಾಸ್ತಿ ನೋಡಿದ್ದು ತುಣುಕುಗಳನ್ನೇ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿಯ ಏಟಿಗೆ ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್ ಗಿರ್ರನೆ ತಿರುಗಿ ಬೀಳುವುದು, ಅದಕ್ಕೂ ಮುಂಚಿನ ವರ್ಷ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅದೇ ಫೋರ್ಮನ್ ಕೈಯಲ್ಲಿ ಜೋ ಫ್ರೇಜಿಯರ್ ಎರಡೇ ರೌಂಡಿನಲ್ಲಿ ಆರು ಸಲ ಉರುಳುವುದು. ಅಂಥದ್ದೇ ಒಂದು ಹಾಕಿದೆ. ದೊಡ್ಡಪ್ಪನಿಗೆ ಹಿಡಿಸಲಿಲ್ಲ. ವಯಸ್ಸಿನಲ್ಲಿ ಕುಸ್ತಿ ಆಡಿದವರು, ಮುದುಡಿದ ಎಡಗಿವಿಯೇ ಅದಕ್ಕೆ ಸಾಕ್ಷಿ. "ಬಿದ್ದದ್ದು ಯಾಕೆ ತೋರಿಸ್ತೀಯ? ಬೀಳೋ ತನಕ ಏನಾಯ್ತು ಅದನ್ನ ತೋರಿಸು" ಅಂದರು.

ಆಗ ಫಿಲಿಪೀನ್ಸ್‌ನ ಮನಿಲಾದಲ್ಲಿ ನಡೆದ ಪಂದ್ಯ ಹಾಕಿದೆ. ಪೂರ್ತಿ.

1975, ಅಕ್ಟೋಬರ್ 1. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವಿನ ಮೂರನೇ ಪಂದ್ಯ. 1971ರಲ್ಲಿ ಫ್ರೇಜಿಯರ್ ಗೆದ್ದಿದ್ದ, 1974ರಲ್ಲಿ ಅಲಿ ಗೆದ್ದಿದ್ದ. ಈಗ ಲೆಕ್ಕ ಚುಕ್ತಾ ಆಗಬೇಕಿತ್ತು. ಅಮೆರಿಕದವರು ರಾತ್ರಿ ನೋಡಲಿ ಅಂತ ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೂ ಮುಂಚೆಯೇ ಶುರು ಮಾಡಿದ್ದರು. ಅರನೆಟಾ ಕೊಲಿಸಿಯಂ ಅನ್ನುವ ಒಳಾಂಗಣ ಕ್ರೀಡಾಂಗಣದ ತುಂಬಾ ಜನ, ತಲೆ ಮೇಲೆ ಟಿವಿ ಲೈಟುಗಳು. ಆ ಸೆಕೆ ಚಿತ್ರದಲ್ಲೇ ಕಾಣುತ್ತದೆ, ಎಲ್ಲರ ಮುಖವೂ ಹೊಳೆಯುತ್ತಿರುತ್ತದೆ.

"ಎಷ್ಟು ರೌಂಡು?"

"ಹದಿನೈದು ದೊಡ್ಡಪ್ಪ. ಆಗ ಚಾಂಪಿಯನ್ ಪಂದ್ಯ ಅಂದ್ರೆ ಹದಿನೈದು. ಈಗ ಹನ್ನೆರಡೇ."

ಮೊದಲ ರೌಂಡುಗಳಲ್ಲಿ ಅಲಿ ಕುಣಿಯುವುದೇ ಇಲ್ಲ. ಪಾದ ಊರಿ ನಿಂತು, ಬೇಗ ಮುಗಿಸುವವನ ಹಾಗೆ ಹೊಡೆಯುತ್ತಾನೆ. ಫ್ರೇಜಿಯರ್ ಅವನಿಗಿಂತ ಗಿಡ್ಡ, ಕೈಯೂ ಚಿಕ್ಕದು. ಏಟು ತಿಂದೇ ಹತ್ತಿರ ಹೋಗಬೇಕು. ತಲೆ ಬಗ್ಗಿಸಿ, ಸೊಂಟದಿಂದ ಎಡಕ್ಕೆ ಬಲಕ್ಕೆ ತೂಗುತ್ತಾ, ಒಂದೊಂದೇ ಹೆಜ್ಜೆ ಒಳಗೆ ನುಗ್ಗುತ್ತಾನೆ. ನಾನು ಯಾವಾಗಲೂ ಅಲಿಯನ್ನೇ ನೋಡುತ್ತಿದ್ದೆ. ದೊಡ್ಡಪ್ಪನ ಬೆರಳು ಮಾತ್ರ ಫ್ರೇಜಿಯರ್ ಕಡೆಗೇ ಇತ್ತು.

"ಇವನು ನಮ್ಮ ಗರಡಿಯವನು ಕಣೋ. ತಲೆ ಎದೆಗೆ ಕೊಟ್ಟು ಹೆಂಗೆ ತಳ್ತಾನೆ ನೋಡು."

ಫ್ರೇಜಿಯರ್‌ನ ಎಡಗೈ ಕತೆ ಹೇಳಿದೆ. ಹುಡುಗನಾಗಿದ್ದಾಗ ಸೌತ್ ಕ್ಯಾರೊಲಿನಾದ ಹಳ್ಳಿಯಲ್ಲಿ ಹಂದಿ ಅಟ್ಟಿಸಿಕೊಂಡು ಬಂದು, ಬಿದ್ದು ಕೈ ಮುರಿದುಕೊಂಡನಂತೆ. ಡಾಕ್ಟರಿಗೆ ಕೊಡಲು ದುಡ್ಡಿರಲಿಲ್ಲ. ಕೈ ಸೊಟ್ಟಗೇ ಕೂಡಿಕೊಂಡಿತು, ಮತ್ತೆ ಪೂರ್ತಿ ನೀಳ ಆಗಲಿಲ್ಲ. ಆ ಮಡಚಿದ ಕೈಯೇ ಮುಂದೆ ಅವನ ಲೆಫ್ಟ್ ಹುಕ್, ಅಂದರೆ ಎಡಗೈ ಬಾಗಿಸಿ ಪಕ್ಕದಿಂದ ಬೀಸುವ ಏಟು, ಆಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ದೊಡ್ಡಪ್ಪ ಏನೂ ಅನ್ನಲಿಲ್ಲ. ತಮ್ಮ ಬಲ ಹೆಗಲನ್ನು ಒಮ್ಮೆ ಒತ್ತಿಕೊಂಡರು.

ಐದನೇ ರೌಂಡಿನಿಂದ ಆಟ ತಿರುಗಿತು. ಅಲಿ ಹಗ್ಗಕ್ಕೆ ಒರಗಿ ನಿಲ್ಲುತ್ತಾನೆ, ಫ್ರೇಜಿಯರ್ ಪಕ್ಕೆಗೆ, ಹೊಟ್ಟೆಗೆ, ಸೊಂಟಕ್ಕೆ ಹೊಡೆಯುತ್ತಲೇ ಇರುತ್ತಾನೆ. ಅಲಿ ಅವನ ಕತ್ತಿನ ಹಿಂದೆ ಕೈ ಹಾಕಿ ತಲೆ ಕೆಳಕ್ಕೆ ಅದುಮಲು ಹೋದರೆ ರೆಫರಿ ಕಾರ್ಲೋಸ್ ಪಡಿಲ್ಲಾ ಬಿಡುವುದಿಲ್ಲ, ಬಂದು ಕೈ ಕಿತ್ತು ಬಿಡಿಸುತ್ತಾರೆ. ಇದನ್ನೂ ನಾನು ಗಮನಿಸಿರಲಿಲ್ಲ. ದೊಡ್ಡಪ್ಪ ತೋರಿಸಿದ್ದು.

ಇನ್ನೊಂದು ವಿಷಯವನ್ನೂ ಅವರೇ ಕಲಿಸಿದರು. ರೌಂಡಿಗೂ ರೌಂಡಿಗೂ ಮಧ್ಯೆ ಒಂದು ನಿಮಿಷ ಇರುತ್ತದಲ್ಲ, ಅದನ್ನು ನಾನು ಓಡಿಸಿಬಿಡುತ್ತಿದ್ದೆ. ಅಂದೂ ರಿಮೋಟ್ ಎತ್ತಿಕೊಂಡೆ. "ಬಿಡು, ಅದನ್ನೇ ನೋಡ್ಬೇಕು" ಅಂದರು. ನೋಡಿದೆ. ಸ್ಟೂಲಿನ ಮೇಲೆ ಕೂತ ಅಲಿಯ ಎದೆ ತಿದಿಯ ಹಾಗೆ ಆಡುತ್ತದೆ. ಬಾಯಿ ತೆರೆದೇ ಇರುತ್ತದೆ. ಬೆಲ್ ಹೊಡೆದಾಗ ಅವನು ಏಳುವುದು ಒಂದೊಂದು ರೌಂಡಿಗೂ ಒಂದು ಚೂರು ನಿಧಾನ. ನನ್ನ ಪಾಲಿಗೆ ಅಲಿ ಅಂದರೆ ಬರೀ ವೇಗ, ಬರೀ ಮಾತು. ಇಷ್ಟು ದಣಿದ ಅಲಿಯನ್ನು ನಾನು ನೋಡಿಯೇ ಇರಲಿಲ್ಲ. ಆ ದಣಿವಿನಲ್ಲೂ ಎದ್ದು ಹೋಗುತ್ತಾನಲ್ಲ, ಅವನ ಮೇಲಿನ ಪ್ರೀತಿ ಆವತ್ತು ದುಪ್ಪಟ್ಟಾಯಿತು.

ಹನ್ನೆರಡನೇ ರೌಂಡಿನಲ್ಲಿ ಎಲ್ಲಿಂದ ಬಂತೋ ಶಕ್ತಿ. ಅಲಿಯ ಬಲಗೈ ಮತ್ತೆ ಎದ್ದಿತು. ಹದಿಮೂರರಲ್ಲಿ ಫ್ರೇಜಿಯರ್ ಬಾಯಿಯ ರಬ್ಬರ್ ಗಾರ್ಡ್ ರಿಂಗಿನಾಚೆ ಹಾರಿಹೋಯಿತು. ಮುಖ ಊದಿ, ಕಣ್ಣು ಸಣ್ಣ ಗೀರಾಗಿದ್ದವು. ಬಲಗೈ ಏಟು ಒಂದಾದ ಮೇಲೊಂದು ತಾಗುತ್ತಲೇ ಇತ್ತು.

"ಯಾಕೋ ತಪ್ಪಿಸ್ಕೊಳ್ತಾ ಇಲ್ಲ? ಇಷ್ಟೊತ್ತು ತಪ್ಪಿಸ್ಕೊಂಡ್ನಲ್ಲ!"

"ಅವನ ಎಡಗಣ್ಣು ಮೊದಲಿನಿಂದಲೂ ಸರಿಯಾಗಿ ಕಾಣ್ತಿರಲಿಲ್ಲ ದೊಡ್ಡಪ್ಪ. ಪೊರೆ. ವರ್ಷಗಟ್ಟಲೆ ಅದನ್ನ ಮುಚ್ಚಿಟ್ಟು ಹಾಗೇ ಆಡಿದ್ದ."

ದೊಡ್ಡಪ್ಪ ಆಪರೇಷನ್ ಆದ ಕಣ್ಣಿನ ಮುಂದೆ ಅಂಗೈ ಹಿಡಿದರು. ಇನ್ನೊಂದು ಕಣ್ಣಿಗೂ ಪೊರೆ ಇದೆ, ಅದರ ಸರದಿ ಮುಂದಿನ ತಿಂಗಳು. ಆ ಮಂಜುಗಣ್ಣಿನಲ್ಲೇ ಹದಿನಾಲ್ಕನೇ ರೌಂಡ್ ಅಷ್ಟೂ ನೋಡಿದರು. ಮುಗಿದ ಮೇಲೆ ಕೈ ತೆಗೆದು, "ಬರೋದು ಗೊತ್ತೇ ಆಗಲ್ಲ ಕಣೋ, ಬಿದ್ದ ಮೇಲೇ ಗೊತ್ತಾಗೋದು" ಅಂದರು.

ಆಮೇಲೆ ಆ ಒಂದು ನಿಮಿಷ. ಫ್ರೇಜಿಯರ್ ಮೂಲೆಯಲ್ಲಿ ಅವನ ಗುರು ಎಡ್ಡಿ ಫಚ್ ಇದ್ದಾರೆ. ರಿಂಗಿನಲ್ಲಿ ಹುಡುಗರ ಪ್ರಾಣ ಹೋದದ್ದನ್ನು ಕಣ್ಣಾರೆ ಕಂಡಿದ್ದವರು. ಉಳಿದಿರುವುದು ಒಂದೇ ರೌಂಡ್, ಮೂರೇ ನಿಮಿಷ. ಫಚ್ ಸಾಕು ಅನ್ನುತ್ತಾರೆ. ಫ್ರೇಜಿಯರ್ ಒಪ್ಪುವುದಿಲ್ಲ, ಅವನು ಬೇಕು ನನಗೆ ಅಂತ ಏಳಲು ನೋಡುತ್ತಾನೆ. ಫಚ್ ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದ ಮಾತು ಇದು: ಕೂತ್ಕೋ ಮಗನೇ, ಮುಗೀತು, ನೀನು ಇವತ್ತು ಇಲ್ಲಿ ಮಾಡಿದ್ದನ್ನ ಯಾರೂ ಮರೆಯೋದಿಲ್ಲ.

ಆಚೆ ಅಲಿ ಗೆದ್ದೆ ಅಂತ ಎದ್ದು ನಿಂತು ಕೈ ಎತ್ತಿದ, ಹಾಗೇ ಕುಸಿದು ನೆಲಕ್ಕೆ ಬಂದ. ಸಾವಿಗೆ ಇದಕ್ಕಿಂತ ಹತ್ತಿರ ಹೋಗಿಲ್ಲ ಅಂತ ಆಮೇಲೆ ಅವನೇ ಹೇಳಿದ. ಪಂದ್ಯಕ್ಕೆ ಮುಂಚೆ ಫ್ರೇಜಿಯರ್‌ನನ್ನು ಗೊರಿಲ್ಲಾ ಅಂತ ಊರೆಲ್ಲಾ ಹಂಗಿಸಿಕೊಂಡು ತಿರುಗಿದವನೂ ಇವನೇ. ಸೇನೆಗೆ ಸೇರಲ್ಲ ಅಂದಿದ್ದಕ್ಕೆ ಅಲಿ ಮೂರೂವರೆ ವರ್ಷ ಆಟವಿಲ್ಲದೆ ಕೂತಿದ್ದಾಗ ಕೈಗೆ ದುಡ್ಡು ಕೊಟ್ಟು ನೋಡಿಕೊಂಡವನು ಫ್ರೇಜಿಯರ್. ಅಲಿಯನ್ನು ಇಷ್ಟು ಇಷ್ಟಪಡುವ ನನಗೂ ಆ ಗೊರಿಲ್ಲಾ ಮಾತು ಇವತ್ತಿಗೂ ನುಂಗಲಾಗುವುದಿಲ್ಲ.

ದೊಡ್ಡಪ್ಪನಿಗೆ ಯಾರು ಗೆದ್ದರು ಅನ್ನುವುದು ಬೇಕಿರಲಿಲ್ಲ. "ಆ ಮುದುಕಪ್ಪ ಕೈ ಇಟ್ಟಿದ್ದು ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. ಮತ್ತೆ ಅಂದರು. ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಅವರು ಹೇಳಿದ್ದು, ನನಗೆ ಆವರೆಗೂ ಗೊತ್ತಿಲ್ಲದ ವಿಷಯ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಜಾತ್ರೆ ಕುಸ್ತಿಯಲ್ಲಿ ಅವರ ಬಲ ಹೆಗಲು ಜಾರಿತಂತೆ. ಮಟ್ಟಿಯ ಸುತ್ತ ಅಷ್ಟು ಜನ ಇದ್ದರು. ಹಿರಿಯರಿದ್ದರು. "ಆಡು ಆಡು ಅಂದ್ರು. ಆಡ್ದೆ. ಸಾಕು ಬಾರೋ ಅಂತ ಒಬ್ರು ಅನ್ಲಿಲ್ಲ."

ಒಂದು ಗಂಟೆ ಆಗಿತ್ತು. ಡ್ರಾಪ್ಸ್ ಹೊತ್ತು. ಅವರು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಬಿಟ್ಟರು. ನನ್ನ ಎಡಗೈ ಅವರ ಹೆಗಲ ಮೇಲಿಟ್ಟು, ಬಲಗೈಯಿಂದ ಒಂದು ಹನಿ ಬಿಟ್ಟೆ.

ಮುಂದಿನ ಭಾನುವಾರ ಅವರೇ ರಿಮೋಟ್ ತಂದುಕೊಟ್ಟರು. 1971, ಮಾರ್ಚ್ 8, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಲಿ-ಫ್ರೇಜಿಯರ್ ಮೊದಲ ಪಂದ್ಯ. ಇಬ್ಬರೂ ಒಂದೂ ಪಂದ್ಯ ಸೋಲದೆ ಎದುರುಬದುರು ನಿಂತ ರಾತ್ರಿ. ಹದಿನೈದನೇ ರೌಂಡಿನಲ್ಲಿ ಆ ಸೊಟ್ಟ ಎಡಗೈ ಕೆಳಗಿಂದ ಬೀಸಿ ಬಂದು ಅಲಿಯ ದವಡೆಗೆ ಬಡಿದಾಗ, ದೊಡ್ಡಪ್ಪ ಕುರ್ಚಿಯಿಂದ ಎದ್ದೇ ನಿಂತರು.