ಪೆಟ್ಟಿಗೆ ಮೇಲಿನ ‘ಡಿಜಿಟಲ್ ರೇಡಿಯೊ’

ತುಮಕೂರಲ್ಲಿ ಕೂತು ಹೊರದೇಶದ ಪುಟ್ಟ ಸ್ಟೀರಿಯೊ ಸೆಟ್ ತರಿಸೋರೇ, ಪೆಟ್ಟಿಗೆ ಮೇಲೆ ‘ಡಿಜಿಟಲ್ ರೇಡಿಯೊ’ ಅಂತಿದ್ರೆ ಯಾವುದು ಅಂತ ನೋಡಿ. ಸಾಮಾನ್ಯವಾಗಿ ಇರೋದು ಡಿಎಬಿ ಪ್ಲಸ್ ಅನ್ನೋ ಡಿಜಿಟಲ್ ಪ್ರಸಾರ ಪದ್ಧತಿ, ಯುರೋಪಲ್ಲಿ ನಡೆಯೋದು. ಇಲ್ಲಿ ಎಷ್ಟು ಸ್ಕ್ಯಾನ್ ಮಾಡಿದ್ರೂ ಒಂದು ಸ್ಟೇಷನ್ನೂ ಸಿಗಲ್ಲ. ಸೆಟ್ ಕೆಟ್ಟಿಲ್ಲ, ಆ ಪ್ರಸಾರವೇ ಇಲ್ಲ. ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ ಬಳಸೋದು ಡಿಆರ್‌ಎಂ ಅನ್ನೋ ಬೇರೆ ಡಿಜಿಟಲ್ ಪದ್ಧತಿ. ಆ ಮೂರಕ್ಷರ ಕಾಣದಿದ್ರೆ ಡಿಜಿಟಲ್ ಹೆಸರಿಗೆ ದುಡ್ಡು ಸುರಿಯಬೇಡಿ.

ಬೆಂಗಳೂರಿನ 101.3, 102.9 ಎಫ್‌ಎಂ ಇಲ್ಲಿಗೆ ಸುಮಾರು 70 ಕಿಲೋಮೀಟರ್ ದೂರ. ಹಿಂದುಗಡೆ ಆಂಟೆನಾ ಸಾಕೆಟ್ ಇರೋ ಸೆಟ್ಟೇ ಆಗಬೇಕು. ಆ ಸಾಕೆಟ್‌ಗೆ ಹಾಕೋ 75 ಸೆಂಟಿಮೀಟರ್ ಆಂಟೆನಾ ತಂತಿಯನ್ನ ಪೂರ್ತಿ ಬಿಚ್ಚಿ ಕಿಟಕಿ ಪಕ್ಕ ನೇರ ಕಟ್ಟಿ, ಸುತ್ತಿಟ್ಟರೆ ದಂಡ. ಆಮೇಲೂ ಗೊರಗೊರ ಅಂದ್ರೆ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರ್ ಒಂದೊಂದಾಗಿ ಆರಿಸಿ ನೋಡಿ. ರೇಡಿಯೊ ಕೇಳೋಕೆ ಮನೆ ಕತ್ತಲು ಮಾಡ್ಕೊಳ್ಳೋ ಕಾಲ!

‘ಸಾವಿರ ವಾಟ್’ ಅಂದವರನ್ನ ಆರ್‌ಎಂಎಸ್, ಅಂದ್ರೆ ಸೆಟ್ ನಿರಂತರವಾಗಿ ಕೊಡೋ ನಿಜವಾದ ವಾಟ್, ಎಷ್ಟು ಅಂತ ಕೇಳಿ. ಹತ್ತಡಿ ರೂಮಿಗೆ ಒಂದೊಂದು ಸ್ಪೀಕರ್‌ಗೆ 15 ವಾಟ್ ಧಾರಾಳ. ಒಂದು ಸ್ಪೀಕರ್‌ನಲ್ಲಿ ಮಾತ್ರ ಕೆಂಪು, ಕಪ್ಪು ತಂತಿ ಅದಲುಬದಲಾದ್ರೆ ಬಾಸ್ ಸೋರಿಹೋಗುತ್ತೆ, ಮೃದಂಗದ ಎಡಗಡೆಯ ಗುಮುಕಿಯೇ ಕೇಳಲ್ಲ. ಅಂಗಡಿಗೆ ಓಡೋ ಮುಂಚೆ ಆ ಎರಡು ತಂತಿ ನೋಡಿ.