ನೂರು ಇಂಚಿನ ಸುಕ್ಕು

ಪ್ರೊಜೆಕ್ಟರ್ ಮನೆಗೆ ಬಂದ ಮೊದಲ ತಿಂಗಳು ನಮ್ಮ ಬೆಳ್ಳಿತೆರೆಯೆಂದರೆ ಒಂದು ಬಿಳಿ ಬೆಡ್‌ಶೀಟು. ಕೋಣೆಗೆ ಅಡ್ಡಲಾಗಿ ಹಗ್ಗ, ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು. ಫ್ಯಾನು ಹಾಕಿದರೆ ನಾಯಕನ ಮೂಗು ಬಲಕ್ಕೆ ಹರಿದು ಹೋಗಿ ವಾಪಸು ಬರುತ್ತಿತ್ತು, ನಿಲ್ಲಿಸಿದರೆ ನಮಗೆ ಸೆಕೆ. ನಡುವೆ ಇಸ್ತ್ರಿ ಮಡಿಕೆಯ ಗೆರೆ ಬೇರೆ. ಎಂಥಾ ಸುಂದರಿ ಬಂದು ನಿಂತರೂ ಹಣೆಯಿಂದ ಗಲ್ಲದವರೆಗೆ ಒಂದು ಸೀಳು.

ಒಂದು ರಾತ್ರಿ ಮಗಳು ಶೀಟಿನ ಹಿಂದೆ ಹೋದವಳು ಅಲ್ಲಿಂದಲೇ ಕೂಗಿದಳು: "ಅಪ್ಪಾ, ಈ ಕಡೆಯೂ ಸಿನಿಮಾ ಕಾಣ್ತಿದೆ! ಅಕ್ಷರ ಮಾತ್ರ ಉಲ್ಟಾ." ನಾನೂ ಹೋಗಿ ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಅಂದರೆ ನಮ್ಮ ಕಣ್ಣಿಗೆ ಬರಬೇಕಾದ ಬೆಳಕಿನಲ್ಲಿ ಒಂದು ಪಾಲು ಬಟ್ಟೆ ತೂರಿ ಹಿಂದಿನ ಗೋಡೆಗೆ ಹೋಗುತ್ತಿತ್ತು. ಚಿತ್ರ ಮಂಕು ಅಂತ ಇಷ್ಟು ದಿನ ಪ್ರೊಜೆಕ್ಟರನ್ನು ಬೈದದ್ದು ತಪ್ಪು. ರೆಡಿಮೇಡ್ ಪರದೆಯ ಬೆಲೆ ವಿಚಾರಿಸಿದೆ. ವಿಚಾರಿಸಿದ ಮರುದಿನವೇ ನಾನು ಬಡಗಿಯಾದೆ.

ನೂರು ಇಂಚಿನ ಪರದೆ ಎಂದರೆ ನೂರು ಇಂಚು ಅಗಲ ಅಂದುಕೊಂಡಿದ್ದೆ. ಅದು ಮೂಲೆಯಿಂದ ಮೂಲೆಗೆ. ಅಗಲ-ಎತ್ತರದ ಅನುಪಾತ 16:9 ಇರುವ ಚಿತ್ರಕ್ಕೆ ಅಗಲ 87 ಇಂಚು, ಎತ್ತರ 49 ಇಂಚು. ಪುಣ್ಯಕ್ಕೆ ಮರ ಕೊಯ್ಯುವ ಮೊದಲೇ ಗೊತ್ತಾಯಿತು. ಪ್ರೊಜೆಕ್ಟರನ್ನು ಅದು ಕಾಯಂ ಕೂರುವ ಜಾಗದಲ್ಲಿಟ್ಟು, ಖಾಲಿ ಗೋಡೆಯ ಮೇಲೆ ಚಿತ್ರ ಬಿಟ್ಟು, ನಾಲ್ಕು ಮೂಲೆಗೂ ಟೇಪು ಅಂಟಿಸಿ ಅಳೆದೆ. ನೇರವಾಗಿ ಇಡುವುದು ಮುಖ್ಯ. ಓರೆಯಾಗಿಟ್ಟು, ಸೊಟ್ಟ ಚಿತ್ರವನ್ನು ನೆಟ್ಟಗೆ ಮಾಡುವ ಕೀಸ್ಟೋನ್ ಎಂಬ ಸೆಟ್ಟಿಂಗ್‌ನಲ್ಲಿ ಸರಿ ಮಾಡಿದರೆ ಚಿತ್ರದ ಮೂಲೆಗಳು ನೇರವಾಗುತ್ತವೆ ನಿಜ, ಆದರೆ ಯಂತ್ರ ಅದಕ್ಕಾಗಿ ಒಂದಷ್ಟು ಪಿಕ್ಸೆಲ್‌ಗಳನ್ನೇ ಬಲಿ ಕೊಡುತ್ತದೆ.

ಬಟ್ಟೆಗೆ ಕಿಟಕಿ ಪರದೆಯ ಒಳಗೆ ಹಾಕುವ ಬಿಳಿ ಬ್ಲ್ಯಾಕ್‌ಔಟ್ ಲೈನಿಂಗ್ ಆರಿಸಿದೆ. ಹಿಂದೆ ಟಾರ್ಚ್ ಹಿಡಿದರೆ ಈಚೆಗೆ ಬೆಳಕು ಬರಬಾರದು, ಅಷ್ಟೇ ಪರೀಕ್ಷೆ. ಹೊಳಪಿನ ಬಟ್ಟೆ ಬೇಡ. ಹೊಳಪಿದ್ದರೆ ನಡುವೆ ಒಂದು ಕಡೆ ಬೆಳಕು ಗುಡ್ಡೆಯಾಗಿ ಕಣ್ಣಿಗೆ ಹೊಡೆಯುತ್ತದೆ.

ಚೌಕಟ್ಟು ಜೋಡಿಸಲು ಒಂದು ಬೆಳಗ್ಗೆ ಸಾಕಾಯಿತು. ನಾಲ್ಕು ರೀಪು, ಮೂಲೆಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ, ಸ್ಕ್ರೂ. ನಡುವೆ ಒಂದು ಉದ್ದಪಟ್ಟಿ ನಿಲ್ಲಿಸಬೇಕು ಅಂತ ಓದಿದ್ದೆ, ಭಾರ ಯಾಕೆ ಅಂತ ಬಿಟ್ಟೆ. ನೆಲಕ್ಕೆ ಬಟ್ಟೆ ಹಾಸಿ, ಮೇಲೆ ಚೌಕಟ್ಟು ಮಲಗಿಸಿ, ಒಂದು ಮೂಲೆಯಿಂದ ಶುರುಮಾಡಿ ಸ್ಟೇಪಲ್ ಗನ್ನಿನಲ್ಲಿ ಟಕ್ ಟಕ್ ಅಂತ ಹೊಡೆಯುತ್ತಾ ಹೋದೆ. ಅಮೋಘ ಸದ್ದು. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಇಡೀ ಬಟ್ಟೆಯ ಸಡಿಲವೆಲ್ಲ ಅಲ್ಲಿ ಸೀರೆಯ ನೆರಿಗೆಯಂತೆ ಬಂದು ಕೂತಿತ್ತು. ಎಳೆದೆ. ಇನ್ನೂ ಎಳೆದೆ. ಎತ್ತಿ ನಿಲ್ಲಿಸಿದರೆ ಮೇಲಿನ ರೀಪು ಒಳಕ್ಕೆ ಬಾಗಿ ಬಿಲ್ಲಾಗಿದೆ!

ಅಂದು ಮಧ್ಯಾಹ್ನವಿಡೀ ಸ್ಕ್ರೂಡ್ರೈವರ್ ತುದಿಯಲ್ಲಿ ಪಿನ್ನು ಕೀಳುವ ಕೆಲಸ. ಒಂದೊಂದು ಪಿನ್ನಿಗೂ ಒಂದು ಕಾಲು ಮಾತ್ರ ಮೇಲೆ ಬರುತ್ತಿತ್ತು, ಇನ್ನೊಂದು ಮುರಿದು ಮರದಲ್ಲೇ ಉಳಿಯುತ್ತಿತ್ತು. "ಬೆಡ್‌ಶೀಟಿಗೆ ಏನಾಗಿತ್ತು ರೀ?" ಎಂದು ಕೇಳಿ ಹೆಂಡತಿ ಒಳಗೆ ಹೋದಳು. ಉತ್ತರಕ್ಕೆ ಕಾಯಲಿಲ್ಲ, ಒಳ್ಳೆಯದಾಯಿತು.

ಎರಡನೇ ಸಲ ನಡುಪಟ್ಟಿ ಹಾಕಿದೆ, ಬಟ್ಟೆಗೆ ತಾಗದಂತೆ ಸ್ವಲ್ಪ ಹಿಂದಕ್ಕೆ. ಎರಡು ಕರ್ಣಗಳನ್ನೂ ಅಳೆದರೆ ಅರ್ಧ ಇಂಚು ವ್ಯತ್ಯಾಸ. ಮೂಲೆಯ ಸ್ಕ್ರೂ ಸಡಿಲಿಸಿ, ಒದ್ದು, ಸಮ ಮಾಡಿದೆ. ಪಿನ್ನನ್ನು ಈ ಸಲ ಪ್ರತಿ ಬದಿಯ ನಡುವಿನಿಂದ ಶುರುಮಾಡಿದೆ: ಮೇಲೊಂದು, ಅದರೆದುರು ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು, ಹಾಗೇ ಮೂಲೆಗಳ ಕಡೆಗೆ. ಬೆರಳಲ್ಲಿ ತಟ್ಟಿದರೆ ತಮಟೆಯಂತೆ ದಂ ಅನ್ನತೊಡಗಿತು.

ಅಂಚಿಗೆ ಎರಡು ಇಂಚಿನ ಕಪ್ಪು ವೆಲ್ವೆಟ್ ಅಂಟಿಸಿದ್ದು ಬರೀ ಅಂದಕ್ಕೆ ಅಂದುಕೊಂಡಿದ್ದೆ. ಅಂಟಿಸಿದ ರಾತ್ರಿ ಹೆಂಡತಿ ಕೇಳಿದಳು, "ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರಾ?" ನಾನು ಯಾವ ಬಟನ್ನೂ ಮುಟ್ಟಿರಲಿಲ್ಲ. ಅಂಚು ದಾಟಿ ಚೆಲ್ಲುವ ಬೆಳಕನ್ನು ವೆಲ್ವೆಟ್ ನುಂಗುತ್ತದೆ. ಪಕ್ಕದಲ್ಲಿ ಅಷ್ಟು ಕಪ್ಪಿರುವಾಗ ಬಿಳಿ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ. ಆಗಲೇ ಇನ್ನೊಂದು ವಿಷಯ ತಲೆಗೆ ಹೋದದ್ದು: ಪ್ರೊಜೆಕ್ಟರಿಗೆ ಕಪ್ಪನ್ನು ಎಸೆಯಲು ಬರುವುದಿಲ್ಲ. ಅದು ಎಸೆಯುವುದು ಬೆಳಕು ಮಾತ್ರ. ಸಿನಿಮಾದ ಕಗ್ಗತ್ತಲ ರಾತ್ರಿ ಎಂದರೆ ಬೆಳಕು ಬೀಳದೆ ಉಳಿದ ನಮ್ಮ ಬಿಳಿ ಬಟ್ಟೆ. ಪಕ್ಕದ ಕೋಣೆಯ ದೀಪ ಬಾಗಿಲಸಂದಿಯಿಂದ ಇಣುಕಿದರೂ ಆ ರಾತ್ರಿ ಬೂದುಬಣ್ಣಕ್ಕೆ ತಿರುಗುತ್ತದೆ. ಕೆಲವರು ಇದಕ್ಕೆಂದೇ ಪರದೆಗೆ ತಿಳಿಬೂದು ಬಣ್ಣ ಬಳಿಯುತ್ತಾರೆ. ನಮ್ಮ ಯಂತ್ರದ ಬೆಳಕೇ ಕಡಿಮೆ, ಬೂದು ಅದನ್ನೂ ಕುಡಿದುಬಿಡುತ್ತದೆ ಅಂತ ನಾನು ಆ ಗೊಡವೆಗೆ ಹೋಗಲಿಲ್ಲ. ಬಾಗಿಲಸಂದಿಗೆ ಹಳೆಯ ಟವೆಲು ತುರುಕಿದೆ.

ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲ ಸುಕ್ಕು ಉಳಿದಿದೆ. ನಿಂತ ದೃಶ್ಯದಲ್ಲಿ ಯಾರಿಗೂ ಕಾಣುವುದಿಲ್ಲ. ಕ್ಯಾಮೆರಾ ಹಿಮದ ಮೇಲೋ ಆಕಾಶದ ಮೇಲೋ ಸರಿದಾಗ ಮಾತ್ರ ಆ ಮೂಲೆಯಲ್ಲಿ ಏನೋ ಮಿಸುಕುತ್ತದೆ, ತಕ್ಷಣ ಮಗಳ ಬೆರಳು ಅತ್ತ ಹೋಗುತ್ತದೆ. ನಾಲ್ಕು ಪಿನ್ನು ಕಿತ್ತು ಮತ್ತೆ ಎಳೆದರೆ ಹೋಗುವಂಥದ್ದೇ. ಆದರೆ ಅದರ ಮೇಲೆ ವೆಲ್ವೆಟ್ ಅಂಟಿಸಿಯಾಗಿದೆ.