ಮಗನ ಆಸ್ತಿಯಲ್ಲಿ ಅಜ್ಜಿಯ ಪಾಲು

ನಮ್ಮ ಸೋದರಮಾವ ವಿಲ್ ಬರೆದಿರಲಿಲ್ಲ. ಐವತ್ತೆಂಟಕ್ಕೇ ವಿಲ್ ಬರೆಸೋರು ಯಾರಿದ್ದಾರೆ ಹೇಳಿ? ತಿಪಟೂರಿನ ಹತ್ತಿರ ಸ್ವಂತ ದುಡಿಮೆಯಲ್ಲಿ ಕೊಂಡ ತೆಂಗಿನ ತೋಟ, ಬ್ಯಾಂಕಲ್ಲಿ ಒಂದಷ್ಟು ಠೇವಣಿ ಬಿಟ್ಟು ಹೋದರು. ತಿಥಿ ಮುಗಿಯಿತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಓಡಾಟ ನನ್ನ ತಲೆಗೆ ಬಂತು.

ಪೌತಿಗೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಗ್ರಾಮ ಲೆಕ್ಕಿಗರು ವಿಚಾರಣೆಗೆ ಮನೆಗೇ ಬಂದರು. ಕಾಗದದಲ್ಲಿ ಇದ್ದದ್ದು ಅತ್ತೆ, ಮಗ, ಮಗಳು. ಜಗಲಿ ಮೇಲೆ ಗರಿ ಸೀಳುತ್ತಾ ಕೂತಿದ್ದ ಅಜ್ಜಿ ಕಡೆ ನೋಡಿ, "ಇವರು ಯಾರು?" ಅಂದರು. ಮಾವನ ತಾಯಿ ಅಂದೆ.

"ಮತ್ತೆ ಇವರ ಹೆಸರೆಲ್ಲಿ?"

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಗೂ ಸಮನಾಗಿ ಹೋಗುತ್ತೆ. ತಂದೆ ಬದುಕಿದ್ದರೂ ಈ ಮೊದಲ ಸಾಲಿನಲ್ಲಿ ಇಲ್ಲ! ಅಂದರೆ ಅಜ್ಜಿಗೆ ನಾಲ್ಕನೇ ಒಂದು ಪಾಲು.

"ವಯಸ್ಸಾದೋರು, ಬಿಟ್ಬಿಡಿ, ಯಾರು ಕೇಳ್ತಾರೆ" ಅಂತ ತಾಲ್ಲೂಕು ಆಫೀಸಿನ ಎದುರು ಪತ್ರ ಬರೆಯುವವರೊಬ್ಬರು ಪುಕ್ಕಟೆ ಸಲಹೆ ಕೊಟ್ಟರು. ನನಗೆ ಮೈ ಉರಿಯಿತು. ಹೆತ್ತವಳನ್ನೇ ವಂಶವೃಕ್ಷದಿಂದ ಕತ್ತರಿಸೋದು ಅಷ್ಟು ಸುಲಭನಾ? ಅತ್ತೆ ಮುಖವೂ ಸಪ್ಪಗಾಗಿತ್ತು, ಅದಕ್ಕೆ ಕಾರಣ ಬೇರೆ. ಅಜ್ಜಿ ಹಾಗೇ ತೀರಿಕೊಂಡರೆ ಅವರ ಪಾಲು ಮಾವನ ಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಾದ ನಮ್ಮಮ್ಮ, ಚಿಕ್ಕಮ್ಮನಿಗೂ ಬರುತ್ತೆ. ಇದನ್ನು ನಾನೇ ಬಾಯಿಬಿಟ್ಟು ಹೇಳೋದು ಹೇಗೆ?

ಅಜ್ಜಿಯೇ ದಾರಿ ತೋರಿಸಿದರು. "ಮಗನ ಆಸ್ತಿಗೆ ತಾಯಿ ವಾರಸುದಾರಳಾ! ತೋಟ ನಂಗ್ಯಾಕಪ್ಪ, ಮೊಮ್ಮಕ್ಕಳಿಗೆ ಇರಲಿ. ಬ್ಯಾಂಕಿನ ದುಡ್ಡಲ್ಲಿ ನನ್ ಪಾಲು ನಂಗೆ ಕೊಡಿ. ಮಾತ್ರೆಗೆ ಇನ್ನೊಬ್ರ ಮುಂದೆ ಕೈ ಚಾಚಲ್ಲ."

ಠೇವಣಿಗೆ ಅತ್ತೆ ನಾಮಿನಿ. ಬ್ಯಾಂಕು ಅವರ ಕೈಗೇ ಹಣ ಕೊಟ್ಟಿತ್ತು. ನಾಮಿನಿ ಅಂದರೆ ಒಡೆಯ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವರು ಅಷ್ಟೆ. ಅತ್ತೆ ಕೊಂಕಿಲ್ಲದೆ ಅಜ್ಜಿಯ ಖಾತೆಗೆ ಹಾಕಿದರು.

ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಫೋಟೋ ಸಲೀಸಾಗಿ ಬಂತು, ಹೆಬ್ಬೆಟ್ಟು ಬರಲಿಲ್ಲ. ವರ್ಷಗಟ್ಟಲೆ ಗರಿ ಸೀಳಿ ಸೀಳಿ ಬೆರಳಿನ ಗೆರೆಗಳೇ ಸವೆದಿದ್ದವು. ಹುಡುಗ ಗಾಜು ಒರೆಸಿ, ಬೆರಳು ಒರೆಸಿ, ಮತ್ತೆ ಒತ್ತಿಸಿದ. "ಗಟ್ಟಿಯಾಗಿ ಒತ್ತಜ್ಜಿ." "ಇನ್ನೆಷ್ಟು ಒತ್ಲಿ, ಮಿಷನ್ನೇ ಮುರಿದೋದೀತು" ಅಂದರು. ಸರದಿಯಲ್ಲಿದ್ದವರೆಲ್ಲ ನಕ್ಕರು. ಕೊನೆಗೂ ಬಂತು.

ಅಲ್ಲೇ ಅಜ್ಜಿಗೆ ವಿಲ್ ವಿಷಯ ಕಿವಿಗೆ ಬಿತ್ತು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು. ನಮ್ಮ ಕಡೆ ಇಂಥ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಅಸಲಿ ಅಂತ ಕೋರ್ಟು ಕೊಡುವ ದೃಢೀಕರಣ ಕೂಡ ಕಡ್ಡಾಯ ಇಲ್ಲ.

ಬ್ಯಾಂಕಿನ ದುಡ್ಡಿಗೆ ಅಜ್ಜಿ ಈಗ ವಿಲ್ ಬರೆಸಿದ್ದಾರೆ. ಯಾರಿಗೆ ಅಂತ ನಮ್ಮಮ್ಮ ಕೇಳಿದರೆ, "ನಾನು ಹೋದ್ಮೇಲೆ ಓದ್ಕೊ" ಅಂದರಂತೆ. ಸಾಕ್ಷಿ ಹಾಕಿದ ಪಕ್ಕದ ಮನೆ ಮೇಷ್ಟ್ರು ಕೂಡ ಬಾಯಿ ಬಿಡ್ತಿಲ್ಲ.